ಎರಡು ತೆಂಗಿನ ಮರದ ನಡುವೆ

ಶ್ರೀರಾಂಪುರದ ನಮ್ಮ ತೋಟದ ಮನೆಯ ಜಗಲಿಯಲ್ಲಿ ಒಲಿಂಪಿಕ್ಸ್ ಮಾತಿಗೆ ನಾಲ್ಕು ವರ್ಷ ಕಾಯಬೇಕಿಲ್ಲ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. 2000ದ ಸಿಡ್ನಿಯಿಂದ ಹಿಡಿದು ನಮ್ಮ ಈಜುಗಾರರು ಎಷ್ಟು ಹೊತ್ತಿನಲ್ಲಿ ಈಜಿದರು ಅನ್ನುವುದನ್ನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ನನ್ನ ಹುಚ್ಚು ಜಿಮ್ನಾಸ್ಟಿಕ್ಸ್. ಕಳೆದ ಸಲ ಊರಿಗೆ ಹೋದಾಗ ಅಂಗಳದಲ್ಲಿ ಕಾಯಿ ಸುಲಿಯುವ ಕೆಲಸ ನಡೆದಿತ್ತು. ಸುಲಿಯುವವರಿಗೆ ಟೀ ಕೊಟ್ಟು ಬಂದು ಕೂತಾಗ ಶುರುವಾದ ಮಾತು ಇದು. ನೆನಪಿನಲ್ಲಿ ಉಳಿದಷ್ಟನ್ನು ಬರೆದಿದ್ದೇನೆ.

ನಾನು: ಪ್ಯಾರಿಸ್ಸಿನ ಪುಟದಲ್ಲಿ ಧಿನಿಧಿ ದೇಸಿಂಗು ಹೆಸರಿಗೆ ಎರಡು ಗೆರೆ ಎಳೆದಿದ್ದೀರಲ್ಲ ಚಿಕ್ಕಪ್ಪ, ಬಂದಿದ್ದು 23ನೇ ಸ್ಥಾನ ಅಲ್ವಾ?

ಚಿಕ್ಕಪ್ಪ: ಮೊದಲು ವಯಸ್ಸು ನೋಡು. ಹದಿನಾಲ್ಕು. ಭಾರತದಿಂದ ಪ್ಯಾರಿಸ್ಸಿಗೆ ಹೋದ ಅಷ್ಟೂ ಜನರಲ್ಲಿ ಅವಳೇ ಚಿಕ್ಕವಳು. 200 ಮೀಟರ್ ಫ್ರೀಸ್ಟೈಲ್, 2 ನಿಮಿಷ 6.96 ಸೆಕೆಂಡು. ಅವಳ ಹೀಟ್‌ನಲ್ಲಿ ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದ್ದು ಅವಳೇ. ಹೈಸ್ಕೂಲ್ ಹುಡುಗಿ ಕಣಮ್ಮ! ನಾನು ಎಷ್ಟು ಹೈಸ್ಕೂಲ್ ಮಕ್ಕಳನ್ನ ನೋಡಿದೀನಿ, ಜಿಲ್ಲಾ ಮಟ್ಟಕ್ಕೆ ಹೋದರೆ ರಾತ್ರಿಯೆಲ್ಲ ನಿದ್ದೆ ಮಾಡ್ತಿರಲಿಲ್ಲ.

ನಾನು: ಆವತ್ತು ನನಗೆ ತಲೆಕೆಟ್ಟಿದ್ದೂ ಅದಕ್ಕೇ. ಮೊಬೈಲ್ ತುಂಬ ‘ಫಸ್ಟ್ ಬಂದಳು, ಫಸ್ಟ್ ಬಂದಳು’ ಅಂತ ಬಂತು. ಸ್ವಲ್ಪ ಹೊತ್ತಿಗೆ ‘ಹೊರಬಿದ್ದಳು’ ಅಂತ ಬಂತು. ಮೊದಲು ಸಂತೋಷಪಟ್ಟವರೇ ಆಮೇಲೆ ಬೈದರು.

ಚಿಕ್ಕಪ್ಪ: ಈಜಿನ ಲೆಕ್ಕ ಗೊತ್ತಿಲ್ಲದಿದ್ದರೆ ಹಂಗೇ ಆಗೋದು. ಹೀಟ್ ಹಂಚುವಾಗ ಹಿಂದಿನ ಹೊತ್ತು ನೋಡಿ ಹಂಚ್ತಾರೆ. ನಿಧಾನದವರನ್ನೆಲ್ಲ ಮೊದಲಿನ ಹೀಟಿಗೆ ಹಾಕಿ ಜೋರಿನವರನ್ನ ಕೊನೇ ಹೀಟುಗಳಿಗೆ ಇಟ್ಟುಕೊಳ್ತಾರೆ. ಎಲ್ಲ ಮುಗಿದ ಮೇಲೆ ಎಲ್ಲರ ಹೊತ್ತನ್ನೂ ಒಂದೇ ಪಟ್ಟಿ ಮಾಡಿ, ಮೇಲಿನ 16 ಜನಕ್ಕೆ ಸೆಮಿಫೈನಲ್. ನಮ್ಮ ಶಾಲೆಗೆ ಫಸ್ಟ್ ಬಂದ ಹುಡುಗ ತಾಲ್ಲೂಕಿಗೆ ಇಪ್ಪತ್ತನೆಯವನಾದರೆ ನಾವು ಬೈತೀವಾ? ಸಿಡ್ನಿಯಲ್ಲಿ ನಿಶಾ ಮಿಲೆಟ್ ಕತೆಯೂ ಇದೇ. ಅದೇ 200 ಮೀಟರ್ ಫ್ರೀಸ್ಟೈಲ್, ಅವಳೂ ತನ್ನ ಹೀಟ್ ಗೆದ್ದಳು, ಮುಂದೆ ಹೋಗಲಿಲ್ಲ. ಇಬ್ಬರೂ ಬೆಂಗಳೂರಿನ ಕೊಳದಲ್ಲಿ ಬೆಳೆದ ಹುಡುಗಿಯರು. ನಡುವೆ 24 ವರ್ಷ.

ನಾನು: ಆದರೆ ಪ್ಯಾರಿಸ್ಸಿನಲ್ಲಿ ಗೆದ್ದವಳಿಗೂ ಧಿನಿಧಿಗೂ ಇರುವ ದೂರ ಎಷ್ಟು? ಮಾಲಿ ಒಕ್ಯಾಲಹನ್ ಈಜಿದ್ದು 1 ನಿಮಿಷ 53.27 ಸೆಕೆಂಡು. ಸುಮಾರು 14 ಸೆಕೆಂಡು ವ್ಯತ್ಯಾಸ. ಅದು ಜಾಸ್ತಿಯೋ ಕಡಿಮೆಯೋ ಅನ್ನೋದೇ ನನಗೆ ತಿಳಿಯಲ್ಲ.

ಚಿಕ್ಕಪ್ಪ: ಸೆಕೆಂಡನ್ನ ಅಡಿಗೆ ತಿರುಗಿಸಿ ನೋಡಬೇಕು. ನಾನು ಲೆಕ್ಕ ಹಾಕಿಟ್ಟಿದೀನಿ. ಒಕ್ಯಾಲಹನ್ ಗೋಡೆ ಮುಟ್ಟಿದ ಗಳಿಗೆಯಲ್ಲಿ, ಧಿನಿಧಿ ತನ್ನ ವೇಗದಲ್ಲಿ ಪಕ್ಕದ ಸಾಲಲ್ಲಿ ಈಜ್ತಿದ್ದಿದ್ದರೆ ಸುಮಾರು 70 ಅಡಿ ಹಿಂದೆ ಇರ್ತಿದ್ದಳು. ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ 28 ಅಡಿ. ಎರಡೂವರೆ ಮರದ ಅಂತರ ಅಂತಿಟ್ಕೋ. ಇನ್ನು ಶ್ರೀಹರಿ ನಟರಾಜ್. ಟೋಕಿಯೋದಲ್ಲಿ 100 ಮೀಟರ್ ಅಂಗಾತ ಈಜು, 54.31 ಸೆಕೆಂಡು, 27ನೇ ಸ್ಥಾನ. ಚಿನ್ನ ಗೆದ್ದ ರಷ್ಯಾದ ರಿಲೋವ್ 51.98. ಎಷ್ಟು ದೂರ ಗೊತ್ತಾ? 14 ಅಡಿ. ಅಗೋ, ಆ ಎರಡು ಮರ ಇದೆಯಲ್ಲ, ಅದರ ಅರ್ಧ.

ನಾನು: ಅಷ್ಟೇನಾ?

ಚಿಕ್ಕಪ್ಪ: ಅಷ್ಟೇ. ಇಡೀ ಲೋಕದಲ್ಲಿ ಅತಿ ಜೋರಾಗಿ ಅಂಗಾತ ಈಜೋ ಮನುಷ್ಯನಿಗೂ ನಮ್ಮ ಬೆಂಗಳೂರಿನ ಹುಡುಗನಿಗೂ ನಡುವೆ ಅರ್ಧ ತೆಂಗಿನ ಅಂತರ. ಅದನ್ನ ‘27ನೇ ಸ್ಥಾನ’ ಅಂತ ಬರೆದರೆ ಯಾರಿಗೂ ಏನೂ ಕಾಣಲ್ಲ. ಆದರೆ ಆ ಅರ್ಧ ಅಂತರದೊಳಗೆ ಇನ್ನೂ ಇಪ್ಪತ್ತೈದು ಜನ ಇದಾರೆ, ಅದೂ ನಿಜ.

ಇದನ್ನು ಹೇಳುವಾಗ ಅವರು ಎದ್ದು ಹೋಗಿ ಎರಡು ಮರಗಳ ನಡುವೆ ನಿಂತು ತೋರಿಸಿದರು. ಎಷ್ಟೋ ವರ್ಷದಿಂದ ಅಂಕಿಗಳನ್ನು ಓದಿದ್ದ ನನಗೆ ಆ 14 ಅಡಿ ಕಣ್ಣಿಗೆ ಕಂಡದ್ದು ಆವತ್ತೇ.

ನಾನು: ಆದರೆ ಪ್ಯಾರಿಸ್ಸಿನಲ್ಲಿ ಶ್ರೀಹರಿ 55.01 ಈಜಿದ. ಹಿಂದಕ್ಕೇ ಹೋದ ಹಾಗಾಯಿತಲ್ಲ.

ಚಿಕ್ಕಪ್ಪ: ಹೌದು, ನನಗೂ ಬೇಜಾರಾಯಿತು. ಸುಳ್ಳು ಹೇಳಿ ಸಮಾಧಾನ ಮಾಡ್ಕೊಳ್ಳೋದಿಲ್ಲ. ಟೋಕಿಯೋಗೆ ಅವನು ತಾನೇ ಸಂಪಾದಿಸಿದ ಜಾಗದಲ್ಲಿ ಹೋದವನು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 53.77 ಈಜಿದ, ಅರ್ಹತೆಯ ‘ಎ’ ಗಡಿ 53.85. ಅವನಿಗಿಂತ ಒಂದೆರಡು ದಿನ ಮೊದಲು ಅದೇ ಊರಲ್ಲಿ ಸಾಜನ್ ಪ್ರಕಾಶ್ ಬಟರ್‌ಫ್ಲೈಯಲ್ಲಿ ಗಡಿ ದಾಟಿದ. ಕೇರಳದವನು, ಕಲಿತಿದ್ದು ನಮ್ಮ ಬಸವನಗುಡಿಯಲ್ಲಿ, ಪ್ರದೀಪ್ ಕುಮಾರ್ ಕೈಕೆಳಗೆ. ಅದಕ್ಕೆ ಮೊದಲು ಭಾರತದ ಒಬ್ಬ ಈಜುಗಾರನೂ ಆ ‘ಎ’ ಗಡಿ ಮುಟ್ಟಿರಲಿಲ್ಲ. ಪ್ಯಾರಿಸ್ಸಿಗೆ ಬಂದಾಗ ಗಡಿ 53.74 ಆಯಿತು. ರೋಮ್‌ನಲ್ಲಿ ಈಜಿದಷ್ಟೇ ಜೋರಾಗಿ ಈಜಿದ್ದರೂ ಮೂರು ಬೆರಳಗಲ ಸಾಲುತ್ತಿರಲಿಲ್ಲ. ನಾವು ನಿಂತಲ್ಲೇ ನಿಂತರೂ ಲೋಕ ನಿಲ್ಲಲ್ಲ ಕಣಮ್ಮ. ಹಂಗಾಗಿ ಅವನೂ ಧಿನಿಧಿಯೂ ‘ಯೂನಿವರ್ಸಾಲಿಟಿ’ ಕೋಟಾದಲ್ಲಿ ಹೋಗಬೇಕಾಯಿತು. ಗಡಿ ದಾಟಿದವರಿಲ್ಲದ ದೇಶಕ್ಕೆ ಒಬ್ಬ ಗಂಡು, ಒಬ್ಬ ಹೆಣ್ಣು ಅಂತ ಕೊಡೋ ಜಾಗ ಅದು.

ನಾನು: ಆ ಕೋಟಾ ಇರಬೇಕಾ ಅಂತ ಜನ ಕೇಳ್ತಾರೆ. ಕೊನೇ ಬರೋದಕ್ಕೆ ಯಾಕೆ ಕಳಿಸಬೇಕು ಅಂತ.

ಚಿಕ್ಕಪ್ಪ: ಲಂಡನ್ ಪುಟ ತೆಗಿ. 2012. ಆ ಸಲ ಭಾರತದಿಂದ ಹೋಗಿದ್ದು ಒಬ್ಬನೇ ಈಜುಗಾರ, ನಮ್ಮ ಗಗನ್ ಉಳ್ಳಾಲಮಠ. 1500 ಮೀಟರ್. ಚೀನಾದ ಸುನ್ ಯಾಂಗ್ 14 ನಿಮಿಷ 31 ಸೆಕೆಂಡಿಗೆ ಲೋಕದಾಖಲೆ ಮಾಡಿದ ಕೂಟ ಅದು. ಗಗನ್‌ಗೆ ಎರಡು ನಿಮಿಷ ಜಾಸ್ತಿ ಬೇಕಾಯಿತು, ಕೊನೇ ಬಂದ. ಆಗ ಯಾರ್ಯಾರೋ ನಕ್ಕರು. ನನಗೆ ಊಟ ಸೇರಲಿಲ್ಲ. 50 ಮೀಟರ್ ಕೊಳದಲ್ಲಿ 30 ಸಲ ಆ ಕಡೆಯಿಂದ ಈ ಕಡೆಗೆ. ಕೊನೇ ಸುತ್ತುಗಳಲ್ಲಿ ಅಕ್ಕಪಕ್ಕದ ಸಾಲು ಖಾಲಿ, ನೀರು ಅಲುಗಾಡ್ತಿರೋದು ನಿನ್ನೊಬ್ಬನಿಂದಲೇ, ಜನ ಎಲ್ಲ ನಿನ್ನನ್ನೇ ನೋಡ್ತಿದಾರೆ. ಅಲ್ಲಿ ಕೈ ಬಿಡದೆ ಗೋಡೆ ಮುಟ್ಟೋದಿದೆಯಲ್ಲ! ಸಿಡ್ನಿಯಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸಂಬಾನಿ 100 ಮೀಟರಿಗೆ 1 ನಿಮಿಷ 52 ಸೆಕೆಂಡು ತಗೊಂಡಾಗ ಇಡೀ ಕ್ರೀಡಾಂಗಣ ಎದ್ದು ಚಪ್ಪಾಳೆ ಹೊಡೀತು. ನಮ್ಮ ಹುಡುಗನಿಗೆ ನಮ್ಮವರೇ ಹೊಡೀಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಮಾತು ನಮ್ಮ ಹಳೆಯ ಜಗಳಕ್ಕೆ ಹೊರಳಿತು.

ಚಿಕ್ಕಪ್ಪ: ಆದರೂ ಈಜಲ್ಲಿ ಒಂದು ನೆಮ್ಮದಿ ಇದೆ. ಗಡಿಯಾರ ಯಾರ ನೆಂಟನೂ ಅಲ್ಲ. ನಿನ್ನ ಜಿಮ್ನಾಸ್ಟಿಕ್ಸ್‌ನಲ್ಲಿ ಕುರ್ಚಿ ಮೇಲೆ ಕೂತವರು ಅಂಕ ಕೊಡಬೇಕು. ಅವರ ಕಣ್ಣಿಗೆ ಬಿದ್ದದ್ದೇ ಸತ್ಯ.

ನಾನು: ಗಡಿಯಾರವೂ ಎಡವಿದೆ ಚಿಕ್ಕಪ್ಪ. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲಿ. ಸ್ವೀಡನ್ನಿನ ಲಾರ್ಸನ್, ಅಮೆರಿಕದ ಮೆಕೀ, ನೂರನೇ ಅಂಶದವರೆಗೂ ಇಬ್ಬರದೂ ಒಂದೇ ಹೊತ್ತು. ಸಾವಿರದ ಲೆಕ್ಕಕ್ಕೆ ಹೋಗಿ 0.002 ಸೆಕೆಂಡಿನ ಮೇಲೆ ಚಿನ್ನ ಕೊಟ್ಟರು. ಆಮೇಲೆ ಯೋಚನೆ ಬಂತು: ಕೊಳ ಕಟ್ಟಿದವನ ಕೈಯಲ್ಲೇ ಒಂದು ಸಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದ ಆಗಿರಬಹುದಲ್ಲ? ಗಾರೆ ಕೆಲಸದಲ್ಲಿ ಅಷ್ಟು ನಿಖರ ಯಾರಿಗೂ ಸಾಧ್ಯವಿಲ್ಲ. ಅದಕ್ಕೇ ನೂರನೇ ಅಂಶಕ್ಕೇ ನಿಲ್ಲಿಸಿದ್ದು. ರಿಯೋದಲ್ಲಿ 100 ಮೀಟರ್ ಬಟರ್‌ಫ್ಲೈಗೆ ಮೂರು ಜನ ಬೆಳ್ಳಿ ಹಂಚಿಕೊಂಡದ್ದು ಈ ನಿಯಮದಿಂದಲೇ. ಫೆಲ್ಪ್ಸ್, ಲೆ ಕ್ಲೊ, ಚೆಹ್, ಮೂವರೂ 51.14.

ಚಿಕ್ಕಪ್ಪ: ಅದು ಗಡಿಯಾರ ತನ್ನ ಮಿತಿ ತಾನೇ ಒಪ್ಪಿಕೊಂಡದ್ದು. ಅದಕ್ಕೇ ನನಗೆ ಅದರ ಮೇಲೆ ಗೌರವ.

ನಾನು: ಜಿಮ್ನಾಸ್ಟಿಕ್ಸ್‌ನವರೂ ಒಪ್ಪಿಕೊಂಡಿದಾರೆ. 1976ರಲ್ಲಿ ನಾಡಿಯಾ ಕೊಮನೆಚಿಗೆ ಹತ್ತಕ್ಕೆ ಹತ್ತು ಬಂದಾಗ ಫಲಕಕ್ಕೆ ತೋರಿಸೋಕಾಗದೆ 1.00 ಅಂತ ಬಂತು. 2006ರಿಂದ ಆ ‘ಹತ್ತು’ ಅನ್ನೋದನ್ನೇ ತೆಗೆದು ಎರಡು ಅಂಕ ಮಾಡಿದರು. ಕಷ್ಟಕ್ಕೆ ಒಂದು, ಅಚ್ಚುಕಟ್ಟಿಗೆ ಒಂದು. ದೀಪಾ ಕರ್ಮಾಕರ್ ಮಾಡಿದ ಪ್ರೊಡುನೋವಾ ಲಾಗಕ್ಕೆ ಆಗ ಕಷ್ಟದ ಅಂಕವೇ 7. ಓಡಿಬಂದು, ಟೇಬಲ್ ಮೇಲೆ ಕೈ ಊರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ನಿಲ್ಲಬೇಕು. ಮುಂದಕ್ಕೆ ಹಾಕೋ ಲಾಗದಲ್ಲಿ ನೆಲ ಕೊನೇ ಗಳಿಗೆವರೆಗೂ ಕಾಣಲ್ಲ. ಒಂಚೂರು ಕಡಿಮೆ ತಿರುಗಿದರೆ ಕುತ್ತಿಗೆ.

ಚಿಕ್ಕಪ್ಪ: ರಿಯೋದಲ್ಲಿ ಅವಳ ಫೈನಲ್, 2016ರ ಆಗಸ್ಟ್ 14. ರಾತ್ರಿ ಹನ್ನೊಂದರ ಮೇಲೆ. ಬೆಳಗಾದರೆ ಸ್ವಾತಂತ್ರ್ಯ ದಿನ, ಶಾಲೆಯಲ್ಲಿ ಪೆರೇಡ್ ಮಾಡಿಸಬೇಕು, ಆದರೂ ಟಿ.ವಿ. ಮುಂದಿನಿಂದ ಏಳಲಿಲ್ಲ. ದೀಪಾ ಓಡೋಕೆ ಶುರು ಮಾಡಿದಾಗ ನಿನ್ನ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು.

ನಾನು: ಇಳಿದಾಗ ಮಂಡಿ ಪೂರ್ತಿ ಮಡಚಿ ನೆಲಕ್ಕೆ ಕೂತುಬಿಡ್ತಾಳೇನೋ ಅನ್ನೋ ಹಾಗಾಯಿತು. ಆದರೂ ಎದ್ದು ನಿಂತಳು. 15.266 ಬಂತು. ಎರಡು ಜಿಗಿತದ ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಸ್ಟೈನ್‌ಗ್ರೂಬರ್ 15.216. ನಾಲ್ಕನೇ ಸ್ಥಾನ. ಆ 0.150 ಅನ್ನೋದು ಇಳಿಯುವಾಗ ಇಟ್ಟ ಒಂದು ಹೆಜ್ಜೆ, ಮಡಚಿದ ಒಂದು ಮಂಡಿ. ಅದೇ ಫೈನಲ್‌ನಲ್ಲಿ 41 ವರ್ಷದ ಚುಸೊವಿಟಿನಾ ಕೂಡ ಪ್ರೊಡುನೋವಾ ಪ್ರಯತ್ನಿಸಿದಳು. ಇದನ್ನ ಯಾವ ಗಡಿಯಾರ ಅಳೆಯುತ್ತೆ ಹೇಳಿ? ಮನುಷ್ಯರ ಕಣ್ಣೇ ಅಳೆಯಬೇಕು.

ಚಿಕ್ಕಪ್ಪ: ಆ ಕಣ್ಣು ಪ್ಯಾರಿಸ್ಸಿನಲ್ಲಿ ಏನು ಮಾಡಿತು? ಆ ಅಮೆರಿಕದ ಹುಡುಗಿ ಜೋರ್ಡನ್ ಚೈಲ್ಸ್‌ಗೆ ಮೊದಲು ಐದನೇ ಸ್ಥಾನ. ಕೋಚ್ ತಕರಾರು ಹಾಕಿದರು, ಅಂಕ 0.100 ಏರಿತು, ಕಂಚು ಬಂತು. ಕಂಚು ತನ್ನದೇ ಅಂದುಕೊಂಡು ಬಾವುಟ ಹೊದ್ದಿದ್ದ ರುಮೇನಿಯಾದ ಬಾರ್ಬೋಸು ಅತ್ತುಬಿಟ್ಟಳು. ವಾರದೊಳಗೆ ಕ್ರೀಡಾ ನ್ಯಾಯಮಂಡಳಿ, ತಕರಾರು ತಡವಾಗಿ ಬಂತು ಅಂತ ಹೇಳಿ ಅಂಕ ಇಳಿಸಿತು, ಕಂಚು ಬಾರ್ಬೋಸುಗೆ ಹೋಯಿತು.

ನಾನು: ಎಷ್ಟು ತಡ? ಒಂದು ನಿಮಿಷದೊಳಗೆ ಹೇಳಬೇಕಿತ್ತು, ನಾಲ್ಕು ಸೆಕೆಂಡು ಜಾಸ್ತಿ ಆಯಿತಂತೆ. ನೋಡಿ, ಅಲ್ಲಿ ಆ ಹುಡುಗಿಯರಿಬ್ಬರಿಗೂ ನೋವು ಕೊಟ್ಟದ್ದು ಅಂಕ ಕೊಟ್ಟ ಕಣ್ಣಲ್ಲ, ನಿಮ್ಮ ಗಡಿಯಾರವೇ. ಚೈಲ್ಸ್ ಸ್ವಿಟ್ಜರ್ಲೆಂಡಿನ ಕೋರ್ಟಿಗೂ ಹೋದಳು.

ಚಿಕ್ಕಪ್ಪ ಇದಕ್ಕೆ ಉತ್ತರ ಕೊಡಲಿಲ್ಲ. ನೋಟ್‌ಬುಕ್ಕು ಮುಚ್ಚಿ ತೋಟದ ಕೊನೆಯ ಬಾವಿಯ ಕಡೆ ನೋಡುತ್ತ ಕೂತರು. ನಾನು ಸಿಮೋನ್ ಬೈಲ್ಸ್ ಮಾತು ತೆಗೆದೆ. ಟೋಕಿಯೋದಲ್ಲಿ ಗಾಳಿಯಲ್ಲಿರುವಾಗ ದಿಕ್ಕು ತಪ್ಪುತ್ತಿದೆ ಎಂದು ತಂಡದ ಫೈನಲ್‌ನಿಂದ ಹಿಂದೆ ಸರಿದಳು. ಪ್ಯಾರಿಸ್ಸಿನಲ್ಲಿ ವಾಪಸು ಬಂದು ಮೂರು ಚಿನ್ನ ಗೆದ್ದಳು. ಆ ದಿಕ್ಕು ತಪ್ಪುವುದೆಂದರೆ ಏನು ಎಂದು ನನಗೆ ಓದಿ ಗೊತ್ತಿತ್ತು. ಅವರಿಗೆ ಮೈಯಿಂದ ಗೊತ್ತಿತ್ತು.

ಚಿಕ್ಕಪ್ಪ: ನಾವು ಹುಡುಗರಾಗಿದ್ದಾಗ ಬಾವಿಕಟ್ಟೆ ಮೇಲಿಂದ ಲಾಗ ಹಾಕಿ ಬೀಳ್ತಿದ್ದೆವು. ಒಂದು ಲಾಗ ಎಲ್ಲರೂ ಹಾಕ್ತಿದ್ದರು. ಎರಡು ಹಾಕೋನು ಒಬ್ಬನೇ ಇದ್ದ. ಅವನು ಒಂದು ಸಲ ಮೇಲೆ ಹೋದಾಗ, ಆಕಾಶ ಯಾವುದು ನೀರು ಯಾವುದು ಅಂತ ಗೊತ್ತಾಗದೆ ಕೈಕಾಲು ಬಿಟ್ಟುಬಿಟ್ಟ. ಬೆನ್ನು ಅಡಿಯಾಗಿ ಬಿದ್ದ, ಬೆನ್ನೆಲ್ಲ ಬಾಸುಂಡೆ. ಆಮೇಲೆ ಒಂದು ವರ್ಷ ಕಟ್ಟೆ ಹತ್ತಲಿಲ್ಲ. ಆ ಬೈಲ್ಸ್ ಹುಡುಗಿ ಹಿಂದೆ ಸರಿದಾಗ ಅವಳಿಗೆ ಹೇಡಿ ಅಂದರಲ್ಲ, ಅವರು ಯಾರೂ ಬಾವಿಗೆ ಲಾಗ ಹಾಕಿದವರಲ್ಲ.

ನಾನು: ನೀವು ಈಜು ಕಲಿತದ್ದೂ ಅದೇ ಬಾವೀಲಾ?

ಚಿಕ್ಕಪ್ಪ: ಇನ್ನೆಲ್ಲಿ? ಬದುವಿನ ಭೂತಾಳೆ ಕಂಬ ಒಣಗಿದ ಮೇಲೆ ಕಡಿದು ಬೆಂಡು ಮಾಡ್ತಿದ್ದೆವು. ಅದನ್ನ ಸೊಂಟಕ್ಕೆ ಕಟ್ಟಿ ನಿಮ್ಮ ಅಜ್ಜ ನೀರಿಗೆ ನೂಕೋರು. ದಿನಾ ಬೆಂಡಿನ ಒಂದೊಂದು ತುಂಡು ಕಡಿಮೆ ಮಾಡೋರು. ಹತ್ತು ಹನ್ನೆರಡು ದಿನಕ್ಕೆ ಬೆಂಡಿಲ್ಲ, ನೀನಿದೀಯ, ನೀರಿದೆ. ಬಾವಿಯೇ ನಮಗೆ ಕೊಳ, ಬಾವಿಯೇ ಗರಡಿ. ಆಮೇಲೆ ನೀರು ಇಳೀತು, ಬೋರ್‌ವೆಲ್ ಬಂತು. ಮುನ್ನೂರು ಅಡಿ ಹೋಯಿತು, ಆರುನೂರು ಹೋಯಿತು, ಸಾವಿರ ಅಡಿ ಕೊರೆದರೂ ಧೂಳು. ಕೊಳವೆ ಬಾವಿಯಲ್ಲಿ ಯಾರೂ ಈಜು ಕಲಿಯೋಕಾಗಲ್ಲ. ನಮ್ಮ ಹೊಸದುರ್ಗದ ಕಡೆ ಒಂದು ತಲೆಮಾರಿಗೆ ತಲೆಮಾರೇ ಈಜು ಬಾರದೆ ಬೆಳೀತು. ನಾನೇ ಡ್ರಿಲ್ ಮೇಷ್ಟ್ರು, ಕಬಡ್ಡಿ ಕಲಿಸಿದೆ, ಖೋ ಖೋ ಕಲಿಸಿದೆ, ಒಂದು ಮಗುವಿಗೂ ಈಜು ಕಲಿಸೋಕಾಗಲಿಲ್ಲ.

ನಾನು: ಅದಕ್ಕೇ ನಿಮ್ಮ ಪುಸ್ತಕದಲ್ಲಿ ಬರೋರಲ್ಲಿ ಹೆಚ್ಚಿನವರು ಬೆಂಗಳೂರಿನವರು. ನಿಶಾ, ಶಿಖಾ ಟಂಡನ್, ರೆಹಾನ್ ಪೊಂಚಾ, ಶ್ರೀಹರಿ, ಧಿನಿಧಿ. ಬಸವನಗುಡಿಯಲ್ಲಿ ಪ್ರದೀಪ್ ಕುಮಾರ್, ಇನ್ನೊಂದು ಕಡೆ ನಿಹಾರ್ ಅಮೀನ್, ಇಬ್ಬರೂ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಗುರುಗಳು. ಬೇರೆ ರಾಜ್ಯದ ಮಕ್ಕಳೂ ಅಲ್ಲಿಗೇ ಬರ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ದೀಪಾ ಬಂದದ್ದು ತ್ರಿಪುರಾದಿಂದ. ಅಗರ್ತಲಾದಲ್ಲಿ ಬಿಶ್ವೇಶ್ವರ ನಂದಿ ಅನ್ನೋ ಒಬ್ಬ ಗುರು ಇದ್ದದ್ದಕ್ಕೆ ಬಂದಳು. ನಮ್ಮ ಲಕ್ಷ್ಮೇಶ್ವರದ ಕಡೆ ಹಳ್ಳಿ ಮಕ್ಕಳು ಮಲ್ಲಕಂಬದ ಮೇಲೆ ತಲೆಕೆಳಗಾಗಿ ನಿಲ್ಲೋದು ನೋಡಿದರೆ, ಜಿಮ್ನಾಸ್ಟಿಕ್ಸ್‌ಗೆ ಬೇಕಾದ ಮೈ ನಮ್ಮಲ್ಲಿಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ.

ಚಿಕ್ಕಪ್ಪ: ನೀನೂ ಚಿಕ್ಕವಳಿದ್ದಾಗ ರಾಗಿ ಹುಲ್ಲಿನ ಬಣವೆ ಮೇಲಿಂದ ಲಾಗ ಹಾಕ್ತಿದ್ದೆ. ಚೆನ್ನಾಗೇ ಹಾಕ್ತಿದ್ದೆ.

ನಾನು: ಹನ್ನೊಂದು ವರ್ಷಕ್ಕೆ ನಿಲ್ಲಿಸಿದಿರಿ. ದೊಡ್ಡವಳಾಗ್ತಿದಾಳೆ ಅಂದಿರಿ. ಬಾವಿಯಲ್ಲಿ ನೀರಿದ್ದ ಕಾಲದಲ್ಲೂ ನಮ್ಮ ಮನೆಯ ಹೆಣ್ಣುಮಕ್ಕಳನ್ನ ಯಾರೂ ಬೆಂಡು ಕಟ್ಟಿ ಇಳಿಸಲಿಲ್ಲ. ಅತ್ತೆಯರು ಮೂವರಲ್ಲಿ ಒಬ್ಬರಿಗೂ ಈಜು ಬರಲ್ಲ.

ಚಿಕ್ಕಪ್ಪ: ತಪ್ಪಾಯಿತು. ನನ್ನದೂ ಅದರಲ್ಲಿ ಪಾಲಿದೆ. ನಿಶಾಳ ಹೊತ್ತು ಬರೆದಿಡೋಕೆ ಶುರು ಮಾಡಿದ ವರ್ಷವೂ ನಮ್ಮ ಮನೆ ಹುಡುಗಿಗೆ ಈಜು ಕಲಿಸಬೇಕು ಅಂತ ನನಗೆ ಹೊಳೀಲಿಲ್ಲ. ಈಗ ಹೊಳೀತಿದೆ, ಬೇರೆ ಕಾರಣಕ್ಕೆ. ಮಾರಿಕಣಿವೆ ಅಣೆಕಟ್ಟು ನೋಡು. 1933ರಲ್ಲಿ ಕೋಡಿ ಬಿದ್ದದ್ದು. ಆಮೇಲೆ 89 ವರ್ಷ ಖಾಲಿ ಕೋಡಿ. 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ 130 ಅಡಿ ತುಂಬಿತು. ಕೆರೆಗಳಲ್ಲಿ ನೀರು ನಿಂತಿದೆ, ನಮ್ಮ ಬಾವಿಯಲ್ಲೂ ಬಂದಿದೆ. ಹೊಲಹೊಲಕ್ಕೆ ಕೃಷಿ ಹೊಂಡ ಇದೆ, ಒಳಗೆ ಪ್ಲಾಸ್ಟಿಕ್ ಹಾಸು, ಪಾಚಿ ಕಟ್ಟಿದರೆ ಕಾಲಿಟ್ಟವನು ಹತ್ತೋಕಾಗಲ್ಲ. ನೀರು ವಾಪಸು ಬಂತು, ಈಜು ಬರೋ ಮಕ್ಕಳು ಬರಲಿಲ್ಲ. ಕೃಷಿ ಹೊಂಡದಲ್ಲಿ ಮಗು ಹೋಯಿತು ಅನ್ನೋ ಸುದ್ದಿ ಪೇಪರಿನಲ್ಲಿ ಓದಿದಾಗೆಲ್ಲ ನನಗೆ ಈ ನೋಟ್‌ಬುಕ್ಕು ಮುಟ್ಟೋಕೆ ಮನಸ್ಸಾಗಲ್ಲ.

ನಾನು: 2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ 50 ಮೀಟರ್ ಅಂಗಾತ ಈಜು ಹೊಸದಾಗಿ ಸೇರಿಸಿದಾರೆ. ಶ್ರೀಹರಿಗೆ ಅನುಕೂಲ ಅಂತ ಹೇಳೋಣ ಅಂತಿದ್ದೆ.

ಚಿಕ್ಕಪ್ಪ: ಗೊತ್ತು, ಬರೆದಿಟ್ಟಿದೀನಿ. ಅವನು ಈಜೋದನ್ನ ನೋಡೇ ನೋಡ್ತೀನಿ. ಇದುವರೆಗೆ ಭಾರತದ ಒಬ್ಬ ಈಜುಗಾರನೂ ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿಲ್ಲ. ಆ ದಿನ ನೋಡಿಯೇ ಸಾಯಬೇಕು ಅಂತಿದೆ. ಆದರೆ ಅದಕ್ಕೆ ಮೊದಲು ಈ ಊರಿನ ಮಕ್ಕಳು ನೀರಿಗೆ ಬಿದ್ದರೆ ದಡಕ್ಕೆ ಬರಬೇಕು. ಭೂತಾಳೆ ಬೆಂಡು ಎಂಟು ಜೊತೆ ಕೊಯ್ದಿಟ್ಟಿದೀನಿ. ಹಗ್ಗ ಹೊಸದು ತಂದಿದೀನಿ. ಬಾವಿಗೆ ಮೆಟ್ಟಿಲಿದೆ. ನಾನು ನೀರಲ್ಲೇ ಇರ್ತೀನಿ, ದಡದಲ್ಲಿ ಇನ್ನೊಬ್ಬ ದೊಡ್ಡವರು ಇರಬೇಕು. ಸಂಜೆ ನಾಲ್ಕು ಮನೆಗೆ ನೀನು ಹೋಗಿ ಹೇಳು. ಗಂಡುಮಕ್ಕಳ ತಾಯಂದಿರು ಒಪ್ತಾರೆ. ಹೆಣ್ಣುಮಕ್ಕಳ ತಾಯಂದಿರಿಗೆ ನೀನೇ ಹೇಳಬೇಕು.

ಸಂಜೆ ನಾಲ್ಕಲ್ಲ, ಒಂಬತ್ತು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಆರೂವರೆಗೆ ಬಾವಿಯ ಹತ್ತಿರ ಏಳು ಮಕ್ಕಳು ಬಂದಿದ್ದರು. ಅವರಲ್ಲಿ ನಾಲ್ಕು ಜನ ಹುಡುಗಿಯರು. ಎಂಟನೆಯ ಜೊತೆ ಬೆಂಡು ಕಟ್ಟಿಕೊಂಡು ನಾನು ಇಳಿದೆ.